ಮೊಹರಿನ ಚೀಲ ಮತ್ತು ನಮ್ಮ ಸೂಟ್‌ಕೇಸು
(ಕೂಟದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಬೆಲೆಬಾಳುವ ವಸ್ತುವನ್ನು ಒಂದೂರಿಂದ ಇನ್ನೊಂದೂರಿಗೆ ಜೋಪಾನವಾಗಿ ಮುಟ್ಟಿಸುವುದು ಹೇಗೆ ಎಂಬುದು ಇಂದು ನಾನು ಆರಿಸಿಕೊಂಡ ವಿಷಯ. ಹಬ್ಬದೂಟದ ಹೊತ್ತಿನಲ್ಲಿ ಇದೆಂಥ ವಿಷಯ ಎನ್ನಬೇಡಿ. ಡಿಸೆಂಬರ್ ರಜೆ ಬಂತೆಂದರೆ ನಮ್ಮಲ್ಲಿ ಪ್ರತಿ ಮನೆಯೂ ಒಂದು ಸಾಗಣೆ ಕಂಪನಿಯೇ ಅಲ್ಲವೇ?

ಈ ಕೆಲಸದ ಒಂದು ಪ್ರಸಿದ್ಧ ಪ್ರಸಂಗ ನಡೆದದ್ದು ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ. 1945ರ ಜೂನ್ 26ರಂದು ಇಲ್ಲಿನ ವೆಟರನ್ಸ್ ಕಟ್ಟಡದಲ್ಲಿ 50 ದೇಶಗಳ ಪ್ರತಿನಿಧಿಗಳು ವಿಶ್ವಸಂಸ್ಥೆಯ ಸನ್ನದಿಗೆ ರುಜು ಹಾಕಿದರು. ಭಾರತದ ಪರವಾಗಿ ರುಜು ಹಾಕಿದವರಲ್ಲಿ ಸರ್ ಎ. ರಾಮಸ್ವಾಮಿ ಮುದಲಿಯಾರರು ಒಬ್ಬರು. ಮರುವರ್ಷವೇ ಅವರು ಮೈಸೂರಿನ ದಿವಾನರಾದರು. ಆ ಮೂಲಪ್ರತಿಯನ್ನು ವಾಷಿಂಗ್ಟನ್ನಿಗೆ ಒಯ್ಯುವ ಹೊಣೆ ಸಮ್ಮೇಳನದ ಕಾರ್ಯದರ್ಶಿ ಆಲ್ಜರ್ ಹಿಸ್ ಅವರದು. ಸನ್ನದನ್ನು ಒಂದು ತಿಜೋರಿಯಲ್ಲಿಟ್ಟು, ಅದಕ್ಕೊಂದು ಪ್ಯಾರಾಚೂಟ್ ಕಟ್ಟಿದ್ದರು! ಸಿಕ್ಕವರು ತೆರೆಯದೆ ವಿದೇಶಾಂಗ ಇಲಾಖೆಗೆ ಕಳುಹಿಸಬೇಕೆಂದು ಅದರ ಮೇಲೆ ಬರೆದಿತ್ತು. ಜೊತೆಗೆ ಹೋದ ಹಿಸ್ ಅವರಿಗೆ ಮಾತ್ರ ಪ್ಯಾರಾಚೂಟ್ ಇರಲಿಲ್ಲ.

ಮುಂದೆ ಇದೇ ಹಿಸ್ ಗೂಢಚರ್ಯೆಯ ಆರೋಪಕ್ಕೆ ಗುರಿಯಾಗಿ, 1950ರಲ್ಲಿ ಸುಳ್ಳು ಸಾಕ್ಷ್ಯದ ಅಪರಾಧಕ್ಕೆ ಶಿಕ್ಷೆ ಪಡೆದರು. ಸನ್ನದು ಮಾತ್ರ ಸುರಕ್ಷಿತವಾಗಿ ತಲುಪಿತ್ತು. ಒಯ್ಯುವವನ ಮೇಲೆ ನಂಬಿಕೆ ಬೇಕು, ನಿಜ. ಆದರೆ ಬೀಗ, ಮೊಹರು, ವಿಳಾಸ, ರಸೀದಿ ಇವೂ ಬೇಕು.

ಇಂದು ರಾಜತಾಂತ್ರಿಕ ಚೀಲಕ್ಕೆ 1961ರ ವಿಯೆನ್ನಾ ಒಪ್ಪಂದದ ರಕ್ಷಣೆಯಿದೆ. ಅದನ್ನು ತೆರೆಯುವಂತಿಲ್ಲ, ತಡೆಯುವಂತಿಲ್ಲ. ಒಯ್ಯುವವನ ಕೈಯಲ್ಲಿ ಎಷ್ಟು ಕಟ್ಟುಗಳಿವೆ ಎಂದು ಬರೆದ ಅಧಿಕೃತ ಪತ್ರವಿರಬೇಕು. ನಮ್ಮೂರಿನಂಥ ಕಡೆಯ ಕಾನ್ಸುಲೇಟುಗಳಿಗೆ 1963ರ ಇನ್ನೊಂದು ಒಪ್ಪಂದ. ಗಂಭೀರ ಅನುಮಾನವಿದ್ದರೆ, ಕಳುಹಿಸಿದ ದೇಶದ ಪ್ರತಿನಿಧಿಯೇ ತಮ್ಮೆದುರಿಗೆ ಚೀಲ ತೆರೆಯಲೆಂದು ಅಧಿಕಾರಿಗಳು ಕೇಳಬಹುದು. ಒಪ್ಪದಿದ್ದರೆ ಚೀಲ ಬಂದ ದಾರಿಗೇ ವಾಪಸು. ವಿಮಾನದ ಕ್ಯಾಪ್ಟನ್ ಕೈಲಿ ಚೀಲ ಕೊಟ್ಟು ಕಳುಹಿಸಿದ್ದರೆ, ಸ್ಥಳೀಯ ಅಧಿಕಾರಿಗಳೊಡನೆ ಏರ್ಪಾಡು ಮಾಡಿಕೊಂಡು, ಕಚೇರಿಯವರೇ ನಿಲ್ದಾಣಕ್ಕೆ ಹೋಗಿ ಅವನಿಂದ ನೇರವಾಗಿ ಪಡೆಯಬಹುದು. ಕೈಯಿಂದ ಕೈಗೆ, ನಡುವೆ ಮೂರನೆಯವರಿಲ್ಲ.

ಈಗ ನಮ್ಮ ಮನೆಗೆ ಬನ್ನಿ. ಹೊರಡುವ ಹಿಂದಿನ ರಾತ್ರಿ ಪರಿಚಯದವರ ಪರಿಚಯದವರು ಟೇಪು ಸುತ್ತಿದ ಪೊಟ್ಟಣ ತರುತ್ತಾರೆ. "ಏನಿಲ್ಲ, ಸ್ವಲ್ಪ ಔಷಧಿ, ಬೆಂಗಳೂರಲ್ಲಿ ತಮ್ಮ ಬಂದು ತೊಗೋತಾನೆ." ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ನಾವು ತೂಕ ನೋಡುತ್ತೇವೆಯೇ ಹೊರತು ಒಳಗೇನಿದೆ ಎಂದು ನೋಡುವುದಿಲ್ಲ. ಆ ಪೊಟ್ಟಣಕ್ಕೆ ಯಾವ ಒಪ್ಪಂದದ ರಕ್ಷಣೆಯೂ ಇಲ್ಲ. ಕಸ್ಟಮ್ಸ್‌ನವರ ಮುಂದೆ ಅದಕ್ಕೆ ಉತ್ತರ ಹೇಳಬೇಕಾದವರು ನಾವು, ಕೊಟ್ಟವರಲ್ಲ. ಹಾಗೆಯೇ 10,000 ಡಾಲರಿಗಿಂತ ಹೆಚ್ಚು ನಗದು ಈ ದೇಶದ ಗಡಿ ದಾಟುವಾಗ ಘೋಷಿಸಲೇಬೇಕು. ಒಯ್ಯುವುದು ತಪ್ಪಲ್ಲ, ಹೇಳದಿರುವುದು ತಪ್ಪು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಪೊಟ್ಟಣ ಕೊಡುವವರು ತೆರೆದೇ ತನ್ನಿ, ಪಟ್ಟಿ ಬರೆದುಕೊಡಿ. ಒಯ್ಯುವವರು ನೋಡಿ, ನಿಮ್ಮ ಕೈಯಾರೆ ಕಟ್ಟಿ. ಒಪ್ಪಿಸಿದ ಮೇಲೆ ಒಂದು ಫೋನ್ ಮಾಡಿ. ಕೊಡುವವರೇ ಮೊದಲು ಬಿಚ್ಚಿ ತೋರಿಸಿದರೆ ಕೇಳುವವರ ಸಂಕೋಚ ಉಳಿಯುತ್ತದೆ. ಊರಿನಲ್ಲಿ ಕಾಯುತ್ತಿರುವ ತಾಯಿಯ ಔಷಧಿಯೂ ಸುಸೂತ್ರವಾಗಿ ತಲುಪುತ್ತದೆ, ನಮ್ಮ ನಮ್ಮಲ್ಲಿನ ಸ್ನೇಹವೂ ಉಳಿಯುತ್ತದೆ.

ಕೂಟಕ್ಕೆ ಹುಟ್ಟುಹಬ್ಬದ ಶುಭಾಶಯಗಳು.