ದಾರಿಯೊಂದು, ಕಟ್ಟಳೆ ಹಲವು

(ಬಂಟವಾಳದಲ್ಲಿ ನೆರೆದ ಉಪಾಧ್ಯಾಯರ ಮತ್ತು ಪೌರರ ಸಭೆಯಲ್ಲಿ ಮಾಡಿದ ಭಾಷಣ)



ಬಸ್ಸು, ಲಾರಿ, ಟ್ಯಾಂಕರುಗಳನ್ನು ನಡೆಸುವವರ ವಿಷಯವಾಗಿ ವಕೀಲರು ಮಾತನಾಡುವುದೇತಕ್ಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಉತ್ತರವು ಸರಳವಾದುದು. ಅಪಘಾತವಾದ ಮೇಲೆ ಜನರು ಮೊದಲು ವೈದ್ಯರಲ್ಲಿಗೂ, ಅನಂತರ ನಮ್ಮಲ್ಲಿಗೂ ಬರುತ್ತಾರೆ. ವೈದ್ಯರು ಮುರಿದ ಎಲುಬನ್ನು ನೋಡುತ್ತಾರೆ. ನಾವು ಮುರಿದ ಕಟ್ಟಳೆಯನ್ನು ನೋಡುತ್ತೇವೆ. ಹೀಗೆ ನೋಡಿ ನೋಡಿ ನಮಗೆ ಒಂದು ಸಂಗತಿ ಮನದಟ್ಟಾಗಿದೆ. ಅನೇಕ ಸಂದರ್ಭಗಳಲ್ಲಿ ಮುರಿಯಲು ಒಂದು ಕಟ್ಟಳೆಯೇ ಇರಲಿಲ್ಲ. ಇದ್ದುದು ಒಂದಕ್ಕೊಂದು ಹೊಂದದ ಹಲವು ಕಟ್ಟಳೆಗಳು.

ನಮ್ಮ ಬಿ.ಸಿ. ರೋಡಿನಲ್ಲಿ ಅರ್ಧ ಗಳಿಗೆ ನಿಂತು ನೋಡಿರಿ. ಅಲ್ಲಿ ದಾರಿ ಎರಡಾಗುತ್ತದೆ. 75ನೆಯ ಹೆದ್ದಾರಿಯು ಮಾಣಿ, ಉಪ್ಪಿನಂಗಡಿಗಳ ಮೇಲೆ ಶಿರಾಡಿಗೆ ಏರುತ್ತದೆ. 73ನೆಯದು ಬೆಳ್ತಂಗಡಿ, ಉಜಿರೆಗಳ ಮೇಲೆ ಚಾರ್ಮಾಡಿಗೆ ಏರುತ್ತದೆ. ಮೂಡಬಿದ್ರೆಯನ್ನು ಹಾದು ಕಾರ್ಕಳಕ್ಕೆ ಹೋಗುವುದು 169ನೆಯದು. ಈ ಮೂರೂ ದಾರಿಗಳ ನಡುವೆ ಸಿದ್ದಕಟ್ಟೆ, ವೇಣೂರು, ಗುರುವಾಯನಕೆರೆಗಳ ಇಕ್ಕಟ್ಟಾದ ರಸ್ತೆಗಳು ಹೆಣೆದುಕೊಂಡಿವೆ. ಅವುಗಳಲ್ಲಿ ಶಾಲೆಯ ಮಕ್ಕಳ ವಾಹನ, ಧರ್ಮಸ್ಥಳದ ಯಾತ್ರಿಕರ ಬಸ್ಸು, ಜಲ್ಲಿಯ ಟಿಪ್ಪರು, ಅನಿಲದ ಟ್ಯಾಂಕರು, ಎಲ್ಲವೂ ಒಂದರ ಮಗ್ಗುಲಲ್ಲಿ ಒಂದು ಉಜ್ಜಿಕೊಂಡೇ ಹೋಗಬೇಕು. ದಾರಿಯು ಎಲ್ಲರಿಗೂ ಒಂದೇ. ಆದರೆ ಚುಕ್ಕಾಣಿಯ ಹಿಂದೆ ಕುಳಿತವನಿಗೆ ವಿಧಿಸಿರುವ ನಿಯಮವು ಒಂದೇ ಅಲ್ಲ.

ಈ ಹಲವುತನವು ನಿನ್ನೆ ಮೊನ್ನೆಯದಲ್ಲ. 1914ರ ಮೋಟಾರು ಕಾಯಿದೆಯು ನಿಬಂಧನೆಗಳನ್ನು ಮಾಡುವ ಅಧಿಕಾರವನ್ನು ಆಯಾ ಪ್ರಾಂತದ ಸರಕಾರಗಳಿಗೆ ಬಿಟ್ಟುಕೊಟ್ಟಿತು. 1939ರ ಕಾಯಿದೆ ಬಂದ ಮೇಲೂ ಪ್ರಾಂತಕ್ಕೊಂದು ನಿಯಮಾವಳಿ ಉಳಿಯಿತು. ಆಗ ಕನ್ನಡನಾಡು ಮದ್ರಾಸು, ಮುಂಬಯಿ, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಚಾರ್ಮಾಡಿಯ ಬುಡವು ಮದ್ರಾಸಿನದು, ನೆತ್ತಿಯು ಮೈಸೂರಿನದು. ಒಂದೇ ಘಟ್ಟವನ್ನು ಹತ್ತುವ ಗಾಡಿಗೆ ಕೆಳಗೊಂದು ಸರಕಾರ, ಮೇಲೊಂದು ಸರಕಾರ! 1948ರಲ್ಲಿ ಮೈಸೂರು ಸರಕಾರವು ಬಸ್ಸುಗಳನ್ನು ತಾನೇ ಓಡಿಸತೊಡಗಿತು. ಮದ್ರಾಸಿನ ಅಧೀನದಲ್ಲಿದ್ದ ನಮ್ಮ ಜಿಲ್ಲೆಯಲ್ಲಿ ಬಸ್ಸುಗಳು ಖಾಸಗಿಯವರ ಕೈಯಲ್ಲಿಯೇ ಉಳಿದುವು. 1956ರ ನವೆಂಬರ್ 1ರಂದು ನಾಡು ಒಂದಾಯಿತು. 1957ರಲ್ಲಿ ವಾಹನದ ತೆರಿಗೆಗೆ ಒಂದೇ ಕಾಯಿದೆ ಆಯಿತು. ತೆರಿಗೆ ವಸೂಲಿಗೆ ತೋರಿದ ಅವಸರವನ್ನು ಪ್ರಾಣರಕ್ಷಣೆಗೂ ತೋರಿದ್ದರೆ ಇಂದು ಈ ಭಾಷಣದ ಅಗತ್ಯವೇ ಬೀಳುತ್ತಿರಲಿಲ್ಲ.

ಈಗ ಜಾರಿಯಲ್ಲಿರುವುದು 1988ರ ಕಾಯಿದೆ. ಅದರೊಳಗಣ ವಿಸಂಗತಿಗಳನ್ನು ಒಂದೊಂದಾಗಿ ತಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು ತೂಕದ ಗೆರೆ. ಮೂಲ ಕಾಯಿದೆಯಲ್ಲಿ ಹಗುರ ವಾಹನವೆಂದರೆ 6,000 ಕಿಲೋ ಮೀರದುದು. 1994ರ ತಿದ್ದುಪಡಿಯಲ್ಲಿ ಅದು 7,500 ಕಿಲೋ ಆಯಿತು. ಕಾರಿನ ಲೈಸೆನ್ಸು ಉಳ್ಳವನು ಆ ತೂಕದೊಳಗಿನ ಬಾಡಿಗೆಯ ಸರಕು ಗಾಡಿಯನ್ನು ನಡೆಸಬಹುದೇ ಎಂಬ ಪ್ರಶ್ನೆಗೆ ಒಂದು ನ್ಯಾಯಾಲಯ ಹೌದೆಂದಿತು, ಇನ್ನೊಂದು ಅಲ್ಲವೆಂದಿತು. 2017ರಲ್ಲಿ ಸುಪ್ರೀಂ ಕೋರ್ಟು ಹೌದೆಂದಿತು. ಅದಕ್ಕೂ ಸಂಶಯ ಹುಟ್ಟಿತು. ಕೊನೆಗೆ 2024ರ ನವೆಂಬರ್ 6ರಂದು ಐವರು ನ್ಯಾಯಾಧೀಶರ ಪೀಠವು ಆ ಮಾತನ್ನೇ ಸ್ಥಿರಪಡಿಸಿತು. ತಿದ್ದುಪಡಿಗೂ ಕೊನೆಯ ತೀರ್ಪಿಗೂ ನಡುವೆ ಮೂವತ್ತು ವರ್ಷಗಳು ಕಳೆದುವು.

ಆ ಕಾಲದಲ್ಲಿ ನಾವು ನಡೆಸಿದ ಒಂದು ಮೊಕದ್ದಮೆಯನ್ನು ಹೇಳುತ್ತೇವೆ. ಅಡಿಕೆ ತೋಟದ ಕೆಲಸ ಮುಗಿಸಿ ರಸ್ತೆಯ ಅಂಚಿನಲ್ಲಿ ಮನೆಗೆ ನಡೆಯುತ್ತಿದ್ದ ಒಬ್ಬ ಕೂಲಿಕಾರನ ಮೇಲೆ ಸಣ್ಣ ಸರಕು ಲಾರಿಯೊಂದು ಹರಿಯಿತು. ಡ್ರೈವರನ ಲೈಸೆನ್ಸಿನಲ್ಲಿ ಬಾಡಿಗೆ ವಾಹನದ ಗುರುತಿಲ್ಲ, ಆದುದರಿಂದ ಪರಿಹಾರ ಕೊಡೆವು ಎಂದು ವಿಮೆಯವರು ನಿಂತರು. ಅವನ ಹೆಂಡತಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಪ್ರತಿ ವಾಯಿದೆಗೂ ಬರುತ್ತಿದ್ದಳು. ಹಣವು ಕೈಸೇರುವ ಹೊತ್ತಿಗೆ ಆ ಮಗು ಚೀಲ ಹೆಗಲಿಗೇರಿಸಿ ಶಾಲೆಗೆ ಹೋಗುತ್ತಿತ್ತು. “ಸ್ವಾಮೀ, ಆ ಡ್ರೈವರನಿಗೆ ಗಾಡಿ ಬಿಡಲು ಬರುತ್ತಿತ್ತೋ ಇಲ್ಲವೋ ಎಂದು ಯಾರೂ ಕೇಳಲೇ ಇಲ್ಲವಲ್ಲ!” ಎಂದು ಆಕೆ ಒಂದು ದಿನ ನಮ್ಮನ್ನು ಕೇಳಿದಳು. ಓದು ಬಾರದ ಆ ಹೆಂಗಸಿನ ಪ್ರಶ್ನೆಗೆ ಓದಿದ ನಮ್ಮಲ್ಲಿ ಉತ್ತರವಿರಲಿಲ್ಲ. ತೀರ್ಪಿನಿಂದ ವಿಮೆಯ ಜಗಳ ತೀರಿತು, ಅದು ಒಳ್ಳೆಯದೇ. ಆದರೆ ಕಾರಿನಲ್ಲಿ ಪರೀಕ್ಷೆ ಕೊಟ್ಟವನು ಏಳು ಟನ್ನಿನ ಗಾಡಿಯನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಬಲ್ಲನೇ ಎಂಬ ಆಕೆಯ ಪ್ರಶ್ನೆಯು ಹಾಗೆಯೇ ಉಳಿದಿದೆ.

ಎರಡನೆಯದು ಕಲಿಕೆ. 1989ರ ಕೇಂದ್ರ ನಿಯಮಗಳಂತೆ ಸಾಮಾನ್ಯ ಡ್ರೈವಿಂಗ್ ಶಾಲೆಯಲ್ಲಿ ಬಾಡಿಗೆ ವಾಹನ ಕಲಿಯುವವನು ಕನಿಷ್ಠ 15 ಗಂಟೆ ಗಾಡಿ ನಡೆಸಿದರೆ ಸಾಕು. 2021ರಲ್ಲಿ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳೆಂಬ ಹೊಸ ಏರ್ಪಾಡು ಬಂದಿತು. ಅಲ್ಲಿ ಭಾರೀ ವಾಹನಕ್ಕೆ ಪಾಠ ಮತ್ತು ಚಾಲನೆ ಸೇರಿ ಆರು ವಾರಗಳಲ್ಲಿ 38 ಗಂಟೆ. ಇವೆರಡು ದಾರಿಗಳಿಂದ ಬಂದವರ ಕೈಗೂ ಸಿಕ್ಕುವ ಲೈಸೆನ್ಸು ಒಂದೇ. ಇದರ ಮೇಲೆ ಸರಕಾರಿ ಸಾರಿಗೆ ನಿಗಮವು ತನ್ನ ಡ್ರೈವರನಿಗೆ ಭಾರೀ ವಾಹನದ ಲೈಸೆನ್ಸಿನಲ್ಲಿ ಎರಡು ವರ್ಷ ಕಳೆದಿರಬೇಕೆಂದೂ, ಪರೀಕ್ಷಾ ಪಥದಲ್ಲಿ ಗಾಡಿ ನಡೆಸಿ ತೋರಿಸಬೇಕೆಂದೂ ವಿಧಿಸುತ್ತದೆ. ಅದೇ ನಿಲ್ದಾಣದಲ್ಲಿ, ಅದೇ ಊರಿಗೆ ಹೊರಟು ನಿಂತ ಖಾಸಗಿ ಬಸ್ಸಿಗೆ ಲೈಸೆನ್ಸೊಂದೇ ಸಾಕು. ಖಾಸಗಿಯವರಲ್ಲಿ ಉತ್ತಮ ಡ್ರೈವರುಗಳಿಲ್ಲವೆಂದು ನಾವು ಹೇಳುತ್ತಿಲ್ಲ. ನಾವು ಬಾಲ್ಯದಿಂದ ಕುಳಿತು ಬಂದುದೇ ಅವರ ಬಸ್ಸುಗಳಲ್ಲಿ. ಆದರೆ ಪ್ರಯಾಣಿಕನ ಪ್ರಾಣದ ಬೆಲೆಯು ಬಸ್ಸಿನ ಬಣ್ಣದಿಂದ ಹೆಚ್ಚು ಕಡಿಮೆ ಆಗಬಾರದಷ್ಟೆ.

ಓದಿನ ನಿಯಮವೂ ಹೀಗೆಯೇ. ಬಾಡಿಗೆ ವಾಹನದ ಡ್ರೈವರನು ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಬಂಧನೆ ಇದ್ದಿತು. 2019ರಲ್ಲಿ ಅದನ್ನು ತೆಗೆದುಹಾಕಿದರು. ಓದು ಇಲ್ಲದ ಬಡವನ ಹೊಟ್ಟೆಪಾಡಿಗೆ ಅಡ್ಡಿ ಬೇಡವೆಂಬುದು ನ್ಯಾಯವೇ. ಆದರೆ ಅದೇ ವರ್ಷ ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿದರು. ಅಪಾಯಕರ ಸರಕು ಸಾಗಿಸುವವನು ಮೂರು ವರ್ಷಕ್ಕೊಮ್ಮೆ ಒಂದು ದಿನದ ಮರುಪಾಠ ಕೇಳಬೇಕು. ಐವತ್ತು ಜನರನ್ನು ಸಾಗಿಸುವವನಿಗೆ ಆ ಪಾಠವೂ ಕಡ್ಡಾಯವಿಲ್ಲ. ಅಡೆತಡೆಯನ್ನು ತೆಗೆದರು, ಅದರ ಸ್ಥಾನದಲ್ಲಿ ಕಲಿಕೆಯನ್ನು ಇಡಲಿಲ್ಲ.

ಮೂರನೆಯದು ದುಡಿಮೆಯ ಹೊತ್ತು. ಇದೇ ಎಲ್ಲಕ್ಕಿಂತ ಮುಖ್ಯವಾದುದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಕಟ್ಟು ಹಾಕಿತು. ಆದರೆ ಅದು ಅನ್ವಯಿಸುತ್ತಿದ್ದುದು ಐದು ಮಂದಿ ಕಾರ್ಮಿಕರಾದರೂ ಇದ್ದ ಸಂಸ್ಥೆಗಳಿಗೆ. ಒಂದು ಲಾರಿ, ಒಬ್ಬ ಡ್ರೈವರು, ಒಬ್ಬ ಕ್ಲೀನರು ಇಟ್ಟುಕೊಂಡ ಧಣಿಯು ಅದರ ಹೊರಗೇ ಉಳಿದನು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯು ಆ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿತು; ಐದು ಎಂಬ ಅಂಕಿಯು ಹತ್ತಾಯಿತು. 1988ರ ಕಾಯಿದೆಯ 91ನೆಯ ವಿಧಿಯೂ ಗಂಟೆಗಳ ಲೆಕ್ಕಕ್ಕೆ 1961ರ ಕಾಯಿದೆಯ ಕಡೆಗೇ ಬೆರಳು ತೋರಿಸಿತ್ತು. ಮಾಲಕನ ಕೈಕೆಳಗೆ ಎಷ್ಟು ಜನರು ಇದ್ದಾರೆಂಬುದನ್ನು ನಿದ್ದೆಯು ಎಣಿಸುವುದಿಲ್ಲ. ರಾತ್ರಿಯೆಲ್ಲ ಕಣ್ಣು ತೆರೆದಿದ್ದವನ ರೆಪ್ಪೆಗಳು ಮುಂಜಾವದ ನಾಲ್ಕು ಗಂಟೆಗೆ ಮುಚ್ಚಿಕೊಳ್ಳುವುದು ಪ್ರಕೃತಿಯ ಕಾಯಿದೆ. ಯುರೋಪಿನ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಗಾಡಿ ನಡೆಸಿದವನು 45 ನಿಮಿಷ ವಿಶ್ರಮಿಸಲೇಬೇಕು. ಗಾಡಿಯಲ್ಲಿ ಕೂರಿಸಿದ ಯಂತ್ರವೇ ಗಂಟೆಗಳ ಲೆಕ್ಕವನ್ನು ಬರೆದಿಡುತ್ತದೆ. ಮಾಲಕನು ಚಿಕ್ಕವನೋ ದೊಡ್ಡವನೋ ಎಂದು ಆ ಯಂತ್ರವು ಕೇಳುವುದಿಲ್ಲ.

ನಾಲ್ಕನೆಯದು ವೇಗ. 2015ರ ನಿಯಮದಂತೆ ಆ ವರ್ಷದ ಅಕ್ಟೋಬರ್ 1ರ ಬಳಿಕ ತಯಾರಾದ ಬಾಡಿಗೆ ವಾಹನಗಳಲ್ಲಿ ಗಂಟೆಗೆ 80 ಕಿಲೋಮೀಟರು ಮೀರದಂತೆ ವೇಗತಡೆ ಇರಬೇಕು. ಟ್ಯಾಂಕರು, ಟಿಪ್ಪರು, ಶಾಲಾ ಬಸ್ಸುಗಳಿಗೆ ಮಿತಿ 60. 2018ರ ಪ್ರಕಟಣೆಯಂತೆ ನಾಲ್ಕು ಪಥಗಳ ರಸ್ತೆಯಲ್ಲಿ ಬಸ್ಸಿನ ಮಿತಿ 90! ಗಾಡಿಯೊಳಗಿನ ಯಂತ್ರಕ್ಕೆ ಒಂದು ಅಂಕಿ, ರಸ್ತೆಗೆ ಇನ್ನೊಂದು. ಇತರ ರಸ್ತೆಗಳಲ್ಲಿ 60 ಎಂದಿದೆ. ಆ ಗುಂಪಿನಲ್ಲಿ ಸಿದ್ದಕಟ್ಟೆಯ ತಿರುವೂ ಬಂದಿತು, ಬಯಲುಸೀಮೆಯ ನೇರ ರಸ್ತೆಯೂ ಬಂದಿತು. ಇತ್ತ ದಕ್ಷಿಣಕ್ಕೆ ಕಾಸರಗೋಡಿನ ಗಡಿ ದಾಟಿದರೆ ಮತ್ತೊಂದು ಕಥೆ. ಭಾರೀ ವಾಹನದ ಡ್ರೈವರನು ಬೆಲ್ಟು ಕಟ್ಟಿಕೊಳ್ಳಲೇಬೇಕೆಂದು ಕೇರಳವು 2023ರ ನವೆಂಬರ್ 1ರಿಂದ ಬಿಗಿಮಾಡಿತು. 2019ರಲ್ಲಿ ಕೇಂದ್ರವು ದಂಡಗಳನ್ನು ಏರಿಸಿದಾಗ ನಮ್ಮ ಸರಕಾರವು ಅದೇ ತಿಂಗಳಲ್ಲಿ ಕೆಲವನ್ನು ಇಳಿಸಿತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂಬ ಗಾದೆ ನೆನಪಿಗೆ ಬರುವುದಿಲ್ಲವೇ?

ಕೊನೆಯದು ಘಟ್ಟ. ಉತ್ತರಾಖಂಡದಲ್ಲಿ ಗುಡ್ಡದ ದಾರಿಯಲ್ಲಿ ಬಾಡಿಗೆ ವಾಹನ ನಡೆಸಬೇಕಾದರೆ ಲೈಸೆನ್ಸಿನಲ್ಲಿ ಅದಕ್ಕೆಂದೇ ಒಂದು ಗುರುತು ಬೇಕು. ಶಿರಾಡಿ, ಚಾರ್ಮಾಡಿಗಳನ್ನು ಮಡಿಲಲ್ಲಿಟ್ಟುಕೊಂಡ ನಮ್ಮಲ್ಲಿ ಅಂಥ ಪದ್ಧತಿಯಿಲ್ಲ. ಬಯಲುಸೀಮೆಯಲ್ಲಿಯೇ ಗಾಡಿ ನಡೆಸಿದವನು ಆಷಾಢದ ಮಂಜಿನಲ್ಲಿ ಮೊದಲ ಬಾರಿಗೆ ಘಟ್ಟ ಇಳಿಯುವಾಗ ಸಣ್ಣ ಗೇರಿನಲ್ಲಿ ಇಂಜಿನಿನ ಹಿಡಿತದಿಂದ ಇಳಿಯಬೇಕೆಂಬುದನ್ನು ಅವನಿಗೆ ಹೇಳಿಕೊಟ್ಟವರಾರು? ಬ್ರೇಕನ್ನೇ ಒತ್ತಿ ಒತ್ತಿ ಅದು ಕಾದು ಸೋತ ಮೇಲೆ ತಿಳಿದು ಫಲವೇನು? 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದಾಗ ಭಾರೀ ವಾಹನಗಳನ್ನು ತಡೆದರು. ರಸ್ತೆ ದುರ್ಬಲವೆಂದು ಗಾಡಿಯನ್ನು ತಡೆಯಲು ನಮಗೆ ತಿಳಿಯುತ್ತದೆ. ಡ್ರೈವರನನ್ನು ಸಬಲನನ್ನಾಗಿ ಮಾಡಲು ಮಾತ್ರ ತಿಳಿಯದು.

2013ರ ಏಪ್ರಿಲ್ 9ನ್ನು ಈ ತಾಲೂಕಿನವರು ಮರೆತಿರಲಾರರು. ಅಂದು ಪೆರ್ನೆಯಲ್ಲಿ ಅನಿಲದ ಟ್ಯಾಂಕರೊಂದು ಮಗುಚಿ, ಬೆಂಕಿಯು ರಸ್ತೆ ಬದಿಯ ಮನೆಗಳನ್ನೇ ನುಂಗಿತು. ಆ ಮನೆಗಳಲ್ಲಿದ್ದವರು ಯಾವ ಲೈಸೆನ್ಸನ್ನೂ ಕೇಳಿರಲಿಲ್ಲ, ಯಾವ ಗಾಡಿಯನ್ನೂ ಹತ್ತಿರಲಿಲ್ಲ. ಕಟ್ಟಳೆಯ ಸಡಿಲಿಕೆಗೆ ತೆರುವ ಬೆಲೆಯು ದಾರಿಯಲ್ಲಿರುವವರ ಮೇಲೆ ಮಾತ್ರವೇ ಬೀಳುವುದೆಂದು ತಿಳಿದವರು ಒಮ್ಮೆ ಪೆರ್ನೆಯನ್ನು ಸ್ಮರಿಸಬೇಕು.

ತಪ್ಪೆಲ್ಲ ಡ್ರೈವರನದೇ, ಶಿಕ್ಷೆಯನ್ನು ಹೆಚ್ಚಿಸಿದರೆ ಸರಿಹೋದೀತು ಎನ್ನುವವರುಂಟು. 2023ರ ಹೊಸ ದಂಡಸಂಹಿತೆಯಲ್ಲಿ ಅಪಘಾತ ಮಾಡಿ ಓಡಿದವನಿಗೆ ಹತ್ತು ವರ್ಷದವರೆಗೆ ಸೆರೆ ಎಂದು ಬರೆದರು. 2024ರ ಜನವರಿಯಲ್ಲಿ ಡ್ರೈವರುಗಳು ಮುಷ್ಕರ ಹೂಡಿದರು. ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಒಂದು ವಿಧಿಯನ್ನು ಬದಿಗಿರಿಸಿದರು. ಓಡಿಹೋಗುವುದು ಹೇಯವೇ ಸರಿ. ಆದರೆ ಕಲಿಸದೆ, ನಿದ್ದೆ ಕೊಡದೆ, ಟ್ರಿಪ್ಪಿನ ಲೆಕ್ಕದಲ್ಲಿ ಅಟ್ಟಿ ಅಟ್ಟಿ ಓಡಿಸಿ, ಕೊನೆಗೆ ಸೆರೆಮನೆಯನ್ನು ಮಾತ್ರ ತೋರಿಸುವುದು ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಖರ್ಚು ಹೆಚ್ಚುವುದೆಂದು ಮಾಲಕರು ಗೊಣಗಬಹುದು. ಖರ್ಚು ಈಗಲೂ ಆಗುತ್ತಲೇ ಇದೆ; ಅದನ್ನು ತೆರುತ್ತಿರುವವರು ಬೇರೆಯವರು, ಅಷ್ಟೇ ಭೇದ.

ಹಾಗಾದರೆ ನಾವು ಬೇಡುವುದೇನು? ಒಂದು: ನಿಯಮವು ಮಾಲಕನನ್ನು ನೋಡಿ ಅಲ್ಲ, ಗಾಡಿಯ ತೂಕವನ್ನೂ ದಾರಿಯ ಸ್ವರೂಪವನ್ನೂ ನೋಡಿ ಆಗಲಿ. ಎರಡು: ದುಡಿಮೆಯ ಗಂಟೆಗಳ ಕಟ್ಟು ಒಂದೇ ಲಾರಿಯ ಮಾಲಕನಿಗೂ ಅನ್ವಯಿಸಲಿ. ಮೂರು: ಘಟ್ಟದ ದಾರಿಗೆ ಪ್ರತ್ಯೇಕ ಕಲಿಕೆಯೂ ಗುರುತೂ ಬರಲಿ, ಆ ಕಲಿಕೆಯ ವೆಚ್ಚವನ್ನು ಬಡ ಡ್ರೈವರನ ತಲೆಗೆ ಕಟ್ಟದಿರಲಿ.

ಉಪಾಧ್ಯಾಯ ಬಂಧುಗಳಿಗೆ ಒಂದು ಪ್ರತ್ಯೇಕ ಬಿನ್ನಹ. ತಮ್ಮ ಶಾಲೆಗೆ ಮಕ್ಕಳನ್ನು ಕರೆತರುವ ವಾಹನದ ಡ್ರೈವರನನ್ನು ಹತ್ತಿರ ಕರೆದು ಮಾತನಾಡಿಸಿರಿ. ನಿನ್ನೆ ಎಷ್ಟು ಹೊತ್ತು ಮಲಗಿದೆಯಪ್ಪಾ, ಬೆಳಗ್ಗೆ ಏನು ತಿಂದೆ, ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ಕಾಲವಾಯಿತು ಎಂದು ಕೇಳಿರಿ. ಅವನ ಲೈಸೆನ್ಸನ್ನು ಅವಮಾನವಾಗದಂತೆ ನೋಡಿರಿ. ಕಾಯಿದೆಗಳು ಸರಿಹೋಗುವವರೆಗೆ ಕಾಯಬೇಕಾದ ಕೆಲಸ ಇದಲ್ಲ. ನಾಳೆ ಬೆಳಗ್ಗೆ ಎಂಟು ಗಂಟೆಗೆ ಶಾಲೆಯ ಗೇಟಿನಲ್ಲಿಯೇ ಆಗಬಹುದು. ಪೌರರು ತಮ್ಮ ತಮ್ಮ ಪಂಚಾಯತಿ, ಪುರಸಭೆಗಳಲ್ಲಿ ಈ ಮೂರು ಬೇಡಿಕೆಗಳನ್ನು ನಿರ್ಣಯವಾಗಿ ಮಂಡಿಸಿ ಸರಕಾರಕ್ಕೆ ಕಳುಹಿಸಲಿ. ಬರೆದುಕೊಡುವ ಕೆಲಸವನ್ನು ನಾವು ಶುಲ್ಕವಿಲ್ಲದೆ ಮಾಡಿಕೊಡುವೆವು.

ನಾಡು ಒಂದಾಗಬೇಕೆಂದು ನಮ್ಮ ಹಿರಿಯರು ಶ್ರಮಿಸಿದುದು ಭೂಪಟದ ಗೆರೆಗಾಗಿ ಮಾತ್ರವಲ್ಲ. ಘಟ್ಟದ ಮೇಲಿನವನಿಗೂ ಕೆಳಗಿನವನಿಗೂ ಒಂದೇ ನ್ಯಾಯವು ದೊರೆಯಲಿ ಎಂದು. ಆ ಕೆಲಸದಲ್ಲಿ ಚಾರ್ಮಾಡಿಯ ತಿರುವುಗಳಷ್ಟು ಭಾಗವು ಇನ್ನೂ ಉಳಿದಿದೆ. ತಾವೆಲ್ಲರೂ ಈ ಸಂಜೆ ಬಸ್ಸು ಹತ್ತಿ ಸುಖವಾಗಿ ಮನೆ ಸೇರುವಿರೆಂದು ಹಾರೈಸುತ್ತೇವೆ.