ಸೋಲಿನ ಲೆಕ್ಕ
(ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯಲ್ಲಿ ವಿಡಿಯೋ ಆಟದ ಮಾತೇ ಎಂದು ಹಿರಿಯರು ಹುಬ್ಬೇರಿಸಬಹುದು. ಹಗಲೆಲ್ಲ ಬ್ಯಾಂಕಿನ ಜಮೆ-ಖರ್ಚು ನೋಡುವ ನಮಗೆ ಸಾಹಿತ್ಯದ ಮೇಲೆ ಮಾತನಾಡುವ ಅಧಿಕಾರವಿಲ್ಲ. ಸೋಲಿನ ಮೇಲೆ ಮಾತನಾಡುವ ಅಧಿಕಾರ ಮಾತ್ರ ಧಾರಾಳವಾಗಿ ಉಂಟು.

ಜಪಾನಿನ ಕ್ಯಾಪ್‌ಕಾಮ್ ಕಂಪನಿ 2023ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್ 6’ ಎಂಬ ಆಟ ನಮ್ಮ ಮನೆಗೂ ಬಂತು. ಪರದೆಯ ಮೇಲೆ ಇಬ್ಬರು ಜಟ್ಟಿಗಳು. ಒಬ್ಬನನ್ನು ನಾವು ಆಡಿಸಬೇಕು, ಇನ್ನೊಬ್ಬನನ್ನು ಎಲ್ಲಿಯೋ ಕುಳಿತ ಯಾರೋ ಆಡಿಸುತ್ತಾರೆ. ತಂದದ್ದು ಹನ್ನೆರಡು ವರ್ಷದ ಮಗನಿಗೆಂದು. ರಾತ್ರಿ ಊಟವಾದ ಮೇಲೆ ಆಡಿದವರು ನಾವು. ಆಡಿದೆವು ಎನ್ನುವುದಕ್ಕಿಂತ ಒದೆ ತಿಂದೆವು ಎನ್ನುವುದೇ ಸರಿ. ಗೆದ್ದರೆ ಅಂಕ ಏರುತ್ತದೆ, ಸೋತರೆ ಇಳಿಯುತ್ತದೆ. ಇಳಿದ ಅಂಕ ಕಂಡರೆ ತಿಂಗಳ ಕೊನೆಯ ಪಾಸ್‌ಬುಕ್ ಕಂಡಂತೆ ನಮಗೆ ಸಂಕಟ. ಒಂದು ರಾತ್ರಿ ಸಾಲಾಗಿ ಏಳು ಪಂದ್ಯ ಸೋತು, ಎಂಟನೆಯದೂ ಕೈಬಿಡುವ ಹೊತ್ತಿಗೆ ಎದ್ದುಹೋಗಿ ಇಂಟರ್‌ನೆಟ್ಟಿನ ತಂತಿಯನ್ನೇ ಕಿತ್ತೆವು. ಸೋಲಲಿಲ್ಲವಲ್ಲ ಎಂಬ ಸಮಾಧಾನ! ಬಾಗಿಲ ಸಂದಿನಲ್ಲಿ ಮಗ ನಿಂತು ನೋಡುತ್ತಿದ್ದ.

ಆ ಭಾನುವಾರ, ಊರಿನಿಂದ ಬಂದಿದ್ದ ನಮ್ಮ ತಾಯಿಯವರು ಮೊಮ್ಮಗನೊಡನೆ ಚೌಕಾಬಾರ ಆಡುತ್ತಿದ್ದರು. ಇವನ ಕಾಯಿ ಇನ್ನೇನು ಹಣ್ಣಾಗಬೇಕು ಎನ್ನುವಾಗ ಅಜ್ಜಿ ಅದನ್ನು ಕಡಿದರು. ಹುಡುಗ ಹಲಗೆಯನ್ನು ತಲೆಕೆಳಗು ಮಾಡಿ ಎದ್ದ. ಗದರಿಸಿದೆವು.

“ನೀವು ತಂತಿ ಕೀಳಲಿಲ್ಲವೇ ಅಪ್ಪಾ?” ಎಂದ.

ತಾಯಿಯವರು ಏನೂ ಹೇಳದೆ ಕವಡೆ ಆರಿಸತೊಡಗಿದರು. ಮಂಚದ ಕೆಳಗೆ ಉರುಳಿದ್ದ ಒಂದನ್ನು ತೆಗೆಯಲು ನಾವೂ ಬಗ್ಗಿದೆವು. ಮುಖ ಮರೆಸಲು ಅದೊಂದು ನೆಪ.

ಆಮೇಲೆ ಲೆಕ್ಕವನ್ನು ಲೆಕ್ಕದಂತೆ ನೋಡಲು ಹೊರಟೆವು. ಇಂಥ ಅನೇಕ ಆಟಗಳ ಅಂಕ ಪದ್ಧತಿಗೆ ಮೂಲ ಚದುರಂಗದ್ದು. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾದ್ ಇಲೋ ರೂಪಿಸಿದ್ದನ್ನು ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ 1970ರಲ್ಲಿ ಸ್ವೀಕರಿಸಿತು. ಆ ಲೆಕ್ಕದಲ್ಲಿ 200 ಅಂಕ ಮುಂದಿರುವವನಿಗೂ ನೂರಕ್ಕೆ ಸುಮಾರು 76 ಮಾತ್ರ ನಿರೀಕ್ಷೆ, ಸರಿಸಮರಿಗೆ 50. ಗುಮಾಸ್ತೆಯ ಕಣ್ಣಿಗೆ ಇದರ ಸೊಗಸೇ ಬೇರೆ: ಸಾಮಾನ್ಯವಾಗಿ ಒಬ್ಬನಿಗೆ ಖರ್ಚಾದ ಅಂಕವೇ ಇನ್ನೊಬ್ಬನಿಗೆ ಜಮೆ. ಯಂತ್ರವು ಸರಿಜೋಡಿಯನ್ನೇ ಹುಡುಕಿ ಕೂಡಿಸುತ್ತದೆ. ನಾವು ಕಲಿತಷ್ಟೂ ಎದುರಾಳಿ ಬಲವಾಗುತ್ತಾನೆ. ಎಷ್ಟೇ ಜಾಣನಾದರೂ ಹೆಚ್ಚುಕಡಿಮೆ ಅರ್ಧ ಪಂದ್ಯ ಸೋಲಲೇಬೇಕು. ಅರ್ಧ ಸಂಜೆ ಹಲ್ಲು ಕಡಿಯುತ್ತ ಕೂರುವುದಾದರೆ ಆಡುವುದಾದರೂ ಏಕೆ?

ಈ ಆಟದ ಪ್ರೇಮಿಗಳು ಮರೆಯದ ಪಂದ್ಯವೊಂದುಂಟು. 2004ರಲ್ಲಿ ಕ್ಯಾಲಿಫೋರ್ನಿಯಾದ ‘ಈವೋ’ ಪಂದ್ಯಾವಳಿಯಲ್ಲಿ ಜಪಾನಿನ ದೈಗೊ ಉಮೆಹಾರ ಅವರ ಜಟ್ಟಿಗೆ ಉಸಿರು ಎಳೆಯಷ್ಟೇ ಉಳಿದಿತ್ತು. ಅಮೆರಿಕದ ಜಸ್ಟಿನ್ ವಾಂಗ್ ಒದೆಗಳ ಸುರಿಮಳೆ ಬಿಟ್ಟರು. ಸುಮ್ಮನೆ ತಡೆದರೂ ಸಾವು. ಪ್ರತಿ ಒದೆಗೂ ಸರಿಯಾದ ಕ್ಷಣದಲ್ಲಿ ಕಡ್ಡಿಯನ್ನು ಎದುರಾಳಿಯ ಕಡೆಗೇ ಒತ್ತಬೇಕು. ದೈಗೊ ಎಲ್ಲವನ್ನೂ ಹಾಗೆ ತಡೆದು ಗೆದ್ದರು. ಆದರೆ ಅದರ ಮುಂದಿನ ಅಂತಿಮ ಪಂದ್ಯದಲ್ಲಿ ಅವರೇ ಸೋತರು. ಇದನ್ನು ಬಲ್ಲವರು ಕಡಮೆ. ನಮ್ಮ ಮೆಚ್ಚುಗೆ ಹೆಚ್ಚಾಗಿ ವಾಂಗ್ ಅವರ ಕಡೆಗೆ. ಅವರ ಸೋಲನ್ನು ಜಗತ್ತು ಮತ್ತೆ ಮತ್ತೆ ಹಾಕಿಕೊಂಡು ನೋಡಿತು. ಆತ ಆಡುತ್ತಲೇ ಹೋದರು. 2009ರಲ್ಲಿ ‘ಸ್ಟ್ರೀಟ್ ಫೈಟರ್ 4’ರ ಅಂತಿಮ ಪಂದ್ಯಕ್ಕೆ ಬಂದು, ಅದೇ ದೈಗೊ ಅವರಿಗೆ ಮತ್ತೆ ಸೋತರು!

ನಾವೂ ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ನಮ್ಮ ಸೋಲುಗಳನ್ನು ಮರಳಿ ಹಾಕಿ ನೋಡಿದೆವು. ಆಟವೇ ಅವನ್ನು ದಾಖಲಿಸಿಟ್ಟಿರುತ್ತದೆ. ಮೂರನೆಯದಕ್ಕೇ ಹುಡುಗ ಕಂಡುಹಿಡಿದ: “ಹೆದರಿದಾಗಲೆಲ್ಲ ನೀವು ನೆಗೆಯುತ್ತೀರಿ ಅಪ್ಪಾ. ಅವರಿಗೆ ಅದು ಗೊತ್ತಾಗಿಬಿಡುತ್ತೆ.” ನಿಜವಾಗಿತ್ತು. ನಮ್ಮ ಹೆದರಿಕೆಯನ್ನು ಎಲ್ಲಿಯೋ ಇರುವ ಅಪರಿಚಿತನೊಬ್ಬ ಅರ್ಧ ನಿಮಿಷದಲ್ಲಿ ಓದಿದ್ದ. ಸಿಟ್ಟಿನ ಬದಲು ನಗು ಬಂತು. ಎಲ್ಲ ಸೋಲೂ ಹೀಗೆ ರುಚಿಸುವುದಿಲ್ಲವೆನ್ನಿ; ಗೆದ್ದು ಅಣಕಿಸುವವನಿಗೆ ಸೋತರೆ ಇಂದಿಗೂ ಮೈ ಉರಿಯುತ್ತದೆ.

ಕಳೆದ ವಾರ ಅಜ್ಜಿ ಮತ್ತೆ ಮೊಮ್ಮಗನ ಕಾಯಿ ಕಡಿದರು. ಅವನ ಕಿವಿ ಕೆಂಪಾಯಿತು. ಸ್ವಲ್ಪ ಹೊತ್ತು ಹಲಗೆಯನ್ನೇ ನೋಡಿ, “ಯಾವ ಮನೆಯಿಂದ ಬಂದಿರಿ ಅಜ್ಜಿ, ತೋರಿಸಿ” ಎಂದ.

ನಮ್ಮ ನಿನ್ನೆಯ ಲೆಕ್ಕ: ಆಡಿದ್ದು ಆರು, ಸೋತದ್ದು ನಾಲ್ಕು, ನೆಗೆದದ್ದು ಎರಡೇ ಸಲ.