ಪರದೇಶವಾಸದಲ್ಲಿ ಮನಃಪ್ರಸಾದ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಅನುಭಾವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



“ದೇಶ ಸುತ್ತು, ಕೋಶ ಓದು” ಎಂಬುದು ಹಿರಿಯರ ಮಾತು. ಆದರೆ ದೇಶವನ್ನು ಸುತ್ತಿ ಬರುವುದು ಬೇರೆ. ಪರದೇಶದಲ್ಲಿ ನೆಲೆನಿಂತು ಬಾಳುವುದು ಬೇರೆ. ಸುತ್ತಿ ಬರುವವನಿಗೆ ಅಲ್ಲಿಯ ಚಳಿಯೂ ಒಂದು ವಿನೋದವೇ. ನೆಲೆನಿಲ್ಲುವವನಿಗೆ ಅಲ್ಲಿಯ ಮೌನವೂ ಒಂದು ಪರೀಕ್ಷೆಯಾಗುವುದು. ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಮಗನನ್ನು ಅಥವಾ ಮಗಳನ್ನು ಸಮುದ್ರದಾಚೆಗೆ ಕಳುಹಿಸಿದ ಭಕ್ತರ ಮನೆಗಳು ಈಗ ಅಪರೂಪವಲ್ಲ. ಹೊರಡುವ ಮುನ್ನ ಅವರು ಮಠಕ್ಕೆ ಬಂದು ಗುರುಪಾದಕ್ಕೆರಗಿ ಆಶೀರ್ವಾದವನ್ನು ಪಡೆಯುವರು. ತಾಯಿಯು ಪೆಟ್ಟಿಗೆಯಲ್ಲಿ ವಿಭೂತಿಯ ಗಟ್ಟಿಯನ್ನೂ ಕಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಇಡುವಳು. ಆ ರೊಟ್ಟಿಯು ತೀರುವ ಹೊತ್ತಿಗೆ ನಿಜವಾದ ಪರದೇಶವಾಸವು ಮೊದಲಾಗುವುದು. ಆಗ ಮಗನು ದೂರವಾಣಿಯಲ್ಲಿ “ಎಲ್ಲವೂ ಚೆನ್ನಾಗಿದೆ ಅವ್ವಾ” ಎಂದು ಹೇಳಿ, ಅದನ್ನು ಕೆಳಗಿಟ್ಟ ಮೇಲೆ ಗೋಡೆಯನ್ನು ನೋಡುತ್ತ ಕುಳಿತಿರುವುದುಂಟು.

ಅಂಥವನಿಗೆ “ಧೈರ್ಯವಾಗಿರು, ಒಳ್ಳೆಯದನ್ನೇ ಯೋಚಿಸು” ಎಂದು ಹೇಳುವುದು ಸುಲಭವು. ಆದರೆ ಆ ಧೈರ್ಯವು ಎಲ್ಲಿಂದ ಬರಬೇಕು? ಮನಸ್ಸಿನ ಪ್ರಸನ್ನತೆಯು ಒಬ್ಬನು ತನ್ನಷ್ಟಕ್ಕೆ ತಾನೇ ಹುಟ್ಟಿಸಿಕೊಳ್ಳುವ ವಸ್ತುವೋ, ಅಥವಾ ಅದಕ್ಕೆ ಬೇರೆ ಆಧಾರಗಳು ಬೇಕೋ? ಇದೇ ಈ ಹೊತ್ತಿನ ವಿಚಾರವು. ಇದಕ್ಕೆ ಇಬ್ಬರು ತರುಣರ ಜೀವನವನ್ನು ನೋಡಬಹುದಾಗಿದೆ. ಇಬ್ಬರೂ ಇಂಗ್ಲೆಂಡಿಗೆ ಹೋದವರು, ಇಬ್ಬರೂ ಶಾಕಾಹಾರದ ನಿಯಮವುಳ್ಳವರು, ಇಬ್ಬರೂ ಮುಂದೆ ಜಗದ್ವಿಖ್ಯಾತರಾದವರು.

ಮೊದಲನೆಯವರು ಮೋಹನದಾಸ ಕರಮಚಂದ ಗಾಂಧಿಯವರು. 1888ನೆಯ ಇಸವಿಯ ಸಪ್ಟಂಬರ 4ರಂದು ಅವರು ಮುಂಬಯಿಯಿಂದ ಹಡಗನ್ನೇರಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮದ್ಯ, ಮಾಂಸ, ಪರಸ್ತ್ರೀ ಇವುಗಳನ್ನು ಮುಟ್ಟೆನೆಂದು ತಾಯಿಯ ಮುಂದೆ ಪ್ರತಿಜ್ಞೆ ಮಾಡಿದ್ದರು. ಅವರ ಜಾತಿಯ ಮುಖ್ಯಸ್ಥರು ಸಮುದ್ರಯಾನವು ಧರ್ಮಬಾಹಿರವೆಂದು ಸಾರಿ ಅವರನ್ನು ಬಹಿಷ್ಕರಿಸಿದರು. ಅವರನ್ನು ಬೀಳ್ಕೊಡಲು ಬಂದರಕ್ಕೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆಯ ದಂಡವನ್ನೂ ವಿಧಿಸಿದರು. ಹೀಗೆ ಹಿಂದಿನ ಬಾಗಿಲು ಮುಚ್ಚಿತ್ತು. ಮುಂದಿನ ಬಾಗಿಲು ಇನ್ನೂ ತೆರೆದಿರಲಿಲ್ಲ.

ಹಡಗಿನಲ್ಲಿ ಇಂಗ್ಲಿಷ್ ಮಾತಾಡಲು ಸಂಕೋಚಪಟ್ಟು, ಯಾವ ಪದಾರ್ಥದಲ್ಲಿ ಮಾಂಸವಿದೆಯೋ ಎಂದು ಕೇಳಲೂ ನಾಚಿ, ಅವರು ತಮ್ಮ ಕೋಣೆಯಲ್ಲಿಯೇ ಕುಳಿತು ಮನೆಯಿಂದ ತಂದ ಸಿಹಿತಿಂಡಿಯನ್ನೂ ಹಣ್ಣನ್ನೂ ತಿಂದರು. ಇಂಗ್ಲೆಂಡಿನ ದಡವನ್ನು ಮುಟ್ಟಿದಾಗ ಬಿಳಿಯ ಉಡುಪನ್ನು ತೊಟ್ಟವರು ಅಲ್ಲಿ ಅವರೊಬ್ಬರೇ ಆಗಿದ್ದರು. ಮನೆಯ ನೆನಪಾಗಿ ರಾತ್ರಿಯೆಲ್ಲ ಕಣ್ಣೀರು ಹರಿಯುತ್ತಿತ್ತೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿರುವರು. ಬೆಳಗ್ಗೆ ಓಟ್ ಧಾನ್ಯದ ಗಂಜಿ, ಮಧ್ಯಾಹ್ನಕ್ಕೂ ರಾತ್ರಿಗೂ ಬೇಯಿಸಿದ ಸೊಪ್ಪು ಮತ್ತು ರೊಟ್ಟಿ; ಎರಡು ಮೂರು ತುಂಡಿಗಿಂತ ಹೆಚ್ಚು ಕೇಳಲು ನಾಚಿಕೆ. ಹಸಿವು ಹಿಂಗುತ್ತಿರಲಿಲ್ಲ. ಓದುಬರಹವಿಲ್ಲದ ತಾಯಿಯ ಮುಂದೆ ಮಾಡಿದ ಪ್ರತಿಜ್ಞೆಗೆ ಇಲ್ಲಿ ಏನು ಬೆಲೆ ಎಂದು ಸ್ನೇಹಿತರೊಬ್ಬರು ನಿತ್ಯವೂ ವಾದಿಸುತ್ತಿದ್ದರು. ವಾದದಲ್ಲಿ ಗೆಲ್ಲುವ ಶಕ್ತಿ ಗಾಂಧಿಯವರಿಗಿರಲಿಲ್ಲ. ಪ್ರತಿಜ್ಞೆಯನ್ನು ಬಿಡುವ ಮನಸ್ಸೂ ಇರಲಿಲ್ಲ.

ಆದರೆ ಅವರು ಕೋಣೆಯಲ್ಲಿಯೇ ಕುಳಿತುಬಿಡಲಿಲ್ಲ. ಶಾಕಾಹಾರದ ಭೋಜನಗೃಹವನ್ನು ಹುಡುಕುತ್ತ ದಿನಕ್ಕೆ ಹತ್ತು ಹನ್ನೆರಡು ಮೈಲು ನಡೆದರು. ಕೊನೆಗೊಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಅಂಥ ಗೃಹವೊಂದು ಕಣ್ಣಿಗೆ ಬಿದ್ದಿತು. ಅದರ ಬಾಗಿಲ ಬಳಿಯ ಗಾಜಿನ ಹಿಂದೆ ಮಾರಾಟಕ್ಕಿಟ್ಟಿದ್ದ ಪುಸ್ತಕಗಳಲ್ಲಿ ಹೆನ್ರಿ ಸಾಲ್ಟ್ ಎಂಬ ಆಂಗ್ಲ ಲೇಖಕರು ಶಾಕಾಹಾರದ ಪರವಾಗಿ ಬರೆದ ಗ್ರಂಥವಿದ್ದಿತು. ಒಂದು ಶಿಲಿಂಗಿಗೆ ಅದನ್ನು ಕೊಂಡು, ಒಳಗೆ ಹೋಗಿ, ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡರು. ಅಂದಿನವರೆಗೆ ತಾಯಿಗೆ ಕೊಟ್ಟ ಮಾತಾಗಿದ್ದದ್ದು ಆ ಗ್ರಂಥವನ್ನು ಓದಿದ ಮೇಲೆ ತಮ್ಮದೇ ಆದ ನಿಷ್ಠೆಯಾಯಿತು.

ನಡುವೆ ಅವರೂ ಒಮ್ಮೆ ದಾರಿ ತಪ್ಪಿದರು. ಅಲ್ಲಿಯವರಂತೆಯೇ ಆಗಬೇಕೆಂದು ಹತ್ತು ಪೌಂಡಿನ ಉಡುಪನ್ನು ಹೊಲಿಸಿದರು, ನೃತ್ಯವನ್ನು ಕಲಿಯಲು ಹೋದರು, ಪಿಟೀಲನ್ನು ಕೊಂಡರು. ಸುಮಾರು ಮೂರು ತಿಂಗಳಲ್ಲಿ ಭ್ರಮೆ ಹರಿಯಿತು. ತಾನು ಇಲ್ಲಿಗೆ ಬಂದದ್ದು ವಿದ್ಯಾರ್ಥಿಯಾಗಿ ಎಂಬ ಅರಿವು ಮೂಡಿತು. ಅಂದಿನಿಂದ ಪೈಸೆ ಪೈಸೆಗೂ ಲೆಕ್ಕವಿಟ್ಟು, ಗಾಡಿಯ ಬದಲಿಗೆ ಕಾಲ್ನಡಿಗೆಯನ್ನೇ ಹಿಡಿದು, ಒಂದೇ ಕೋಣೆಯಲ್ಲಿ ಒಲೆಯನ್ನಿಟ್ಟುಕೊಂಡು ಬೆಳಗ್ಗೆ ತಾವೇ ಗಂಜಿ ಕಾಯಿಸಿಕೊಂಡರು. ಊರಿನಿಂದ ಮಸಾಲೆಯನ್ನು ತರಿಸುವುದನ್ನೂ ನಿಲ್ಲಿಸಿದರು. ಮೊದಲು ಸಪ್ಪೆಯೆನಿಸಿದ್ದ ಬೇಯಿಸಿದ ಸೊಪ್ಪು ಈಗ ರುಚಿಯಾಯಿತು. ರುಚಿಯ ನೆಲೆಯು ನಾಲಿಗೆಯಲ್ಲ, ಮನಸ್ಸು ಎಂಬುದನ್ನು ಅವರು ಕಂಡುಕೊಂಡದ್ದು ಲಂಡನ್ನಿನ ಆ ಕೋಣೆಯಲ್ಲಿಯೇ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಯಾವ ನಿಯಮವು ಅವರನ್ನು ಇತರರಿಂದ ಬೇರ್ಪಡಿಸಿತೆಂದು ತೋರುತ್ತಿದ್ದಿತೋ, ಆ ನಿಯಮವೇ ಅವರಿಗೆ ಸ್ನೇಹಿತರನ್ನು ತಂದುಕೊಟ್ಟಿತು. ಲಂಡನ್ನಿನ ಶಾಕಾಹಾರಿ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಅವರು ಸದಸ್ಯರಾದರು. ತಾವು ವಾಸಿಸುತ್ತಿದ್ದ ಬೇಸ್‌ವಾಟರ್ ಭಾಗದಲ್ಲಿ ಒಂದು ಶಾಕಾಹಾರಿ ಮಂಡಲಿಯನ್ನು ತಾವೇ ಹುಟ್ಟುಹಾಕಿ ಅದರ ಕಾರ್ಯದರ್ಶಿಯಾದರು. ಆಂಗ್ಲ ಕವಿ ಎಡ್ವಿನ್ ಆರ್ನಾಲ್ಡರು ಅದರ ಉಪಾಧ್ಯಕ್ಷರು. ಊಟವನ್ನು ಕೇಳಲು ನಾಚುತ್ತಿದ್ದ ತರುಣನು ಆ ದೇಶದವರನ್ನೇ ಒಂದುಗೂಡಿಸುವವನಾದನು. ಗೀತೆಯನ್ನು ಅವರು ಮೊಟ್ಟಮೊದಲು ಓದಿದ್ದೂ ಅಲ್ಲಿಯೇ, ಇಬ್ಬರು ಥಿಯಾಸಫಿ ಮತದ ಸ್ನೇಹಿತರ ಒತ್ತಾಯದಿಂದ. 1891ರ ಜೂನ್ 10ರಂದು ಬ್ಯಾರಿಸ್ಟರರಾಗಿ, 12ರಂದು ಅವರು ಸ್ವದೇಶಕ್ಕೆ ಹೊರಟರು.

ಎರಡನೆಯವರು ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರು. 1914ರ ಮಾರ್ಚ್ 17ರಂದು ಮದರಾಸಿನಿಂದ ಹೊರಟು ಏಪ್ರಿಲಿನಲ್ಲಿ ಇಂಗ್ಲೆಂಡನ್ನು ಸೇರಿದರು. ಅವರನ್ನು ಕರೆಸಿಕೊಂಡವರು ಕೇಂಬ್ರಿಜ್ಜಿನ ಹಾರ್ಡಿಯವರು. ರಾಮಾನುಜನ್ನರಿಗೆ ಕಾಯಕದ ಕೊರತೆಯಿರಲಿಲ್ಲ. ಗಣಿತವೇ ಅವರ ಉಸಿರಾಗಿತ್ತು. ನಿಯಮದಲ್ಲಿಯೂ ಸಡಿಲಿಕೆಯಿರಲಿಲ್ಲ, ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಮಹಾಯುದ್ಧವು ಮೊದಲಾಯಿತು. ಜೊತೆಗಾರರು ಅನೇಕರು ಯುದ್ಧದ ಕೆಲಸಕ್ಕೆ ಹೋದರು. ಅವರಿಗೆ ಒಗ್ಗುವ ಕಾಯಿಪಲ್ಲೆಗಳು ಸಿಗುವುದು ಕಷ್ಟವಾಯಿತು. ಸಂಗಡ ಕುಳಿತು ಉಣ್ಣುವವರು ವಿರಳವಾಗಿದ್ದರು.

ಮುಂದೆ ಸಂಖ್ಯಾಶಾಸ್ತ್ರದಲ್ಲಿ ಪ್ರಸಿದ್ಧರಾದ ಪ್ರಶಾಂತಚಂದ್ರ ಮಹಲನೋಬಿಸರು ಆಗ ಕೇಂಬ್ರಿಜ್ಜಿನಲ್ಲಿ ವಿದ್ಯಾರ್ಥಿಗಳಾಗಿದ್ದರು. ಅವರು ಹೇಳಿದ ಪ್ರಸಂಗವೊಂದುಂಟು. ರಾತ್ರಿ ಚಳಿಯನ್ನು ತಡೆಯಲಾರದೆ ರಾಮಾನುಜನ್ನರು ಮೇಲಂಗಿಯನ್ನು ತೊಟ್ಟು ಶಾಲನ್ನು ಹೊದ್ದು ಮಲಗುತ್ತಿದ್ದರು. ಇದನ್ನು ಕೇಳಿದ ಮಹಲನೋಬಿಸರು ಹಾಸಿಗೆಯನ್ನು ನೋಡಲು, ಅದರಲ್ಲಿ ಕಂಬಳಿಗಳು ಬೇಕಾದಷ್ಟಿದ್ದವು. ಆ ದೇಶದ ಪದ್ಧತಿಯಂತೆ ಅವುಗಳ ಅಂಚನ್ನು ಬಿಗಿಯಾಗಿ ಮಡಿಸಿ ಸಿಕ್ಕಿಸಿ ಮೇಲೊಂದು ಹೊದಿಕೆಯನ್ನು ಹಾಸಿದ್ದರು. ಅವುಗಳನ್ನು ಬಿಡಿಸಿ ಒಳಗೆ ಸೇರಿಕೊಳ್ಳಬೇಕೆಂಬುದು ರಾಮಾನುಜನ್ನರಿಗೆ ತಿಳಿದಿರಲಿಲ್ಲ. ಗಣಿತದ ಗಹನ ರಹಸ್ಯಗಳನ್ನು ಬಿಡಿಸಿದ ಮಹಾಮೇಧಾವಿಯು ಕಂಬಳಿಗಳ ಮೇಲೆಯೇ ಮಲಗಿ ನಡುಗುತ್ತಿದ್ದನು. ಹೊದಿಕೆ ಅಲ್ಲಿಯೇ ಇದ್ದಿತು. ತೋರಿಸಿಕೊಡುವವರು ಮಾತ್ರ ಬೇಕಾಗಿದ್ದರು.

1917ರಲ್ಲಿ ಅವರು ಕಾಯಿಲೆ ಬಿದ್ದರು. ಒಂದು ಆರೋಗ್ಯಧಾಮದಿಂದ ಇನ್ನೊಂದಕ್ಕೆ ಅಲೆದರು. 1918ರಲ್ಲಿ ಮನಸ್ಸು ಎಷ್ಟು ಕುಗ್ಗಿತೆಂದರೆ ಲಂಡನ್ನಿನಲ್ಲಿ ಪ್ರಾಣವನ್ನೇ ತೊರೆಯಲು ಮುಂದಾದರು, ಪುಣ್ಯವಶದಿಂದ ಉಳಿದರು. ಅದೇ ವರ್ಷದಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರೆಂಬುದನ್ನು ಮರೆಯಲಾಗದು. ಕೀರ್ತಿಯು ಹೊರಗೆ ಬೆಳಗುತ್ತಿರುವಾಗಲೂ ಒಳಗೆ ಕತ್ತಲೆಯಿರಬಹುದು. 1919ರಲ್ಲಿ ಸ್ವದೇಶಕ್ಕೆ ಮರಳಿ, 1920ರ ಏಪ್ರಿಲ್ 26ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಅವರು ದೇಹವನ್ನು ಬಿಟ್ಟರು.

ಗಾಂಧಿಯವರಿಗೆ ಮನೋಬಲವಿತ್ತು, ರಾಮಾನುಜನ್ನರಿಗೆ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ಅನ್ಯಾಯವು. ಒಬ್ಬರು ಶಾಂತಿಯ ಕಾಲದಲ್ಲಿ ಹೋದವರು. ಇನ್ನೊಬ್ಬರು ಯುದ್ಧದ ಕಾಲದಲ್ಲಿ. ಒಬ್ಬರಿಗೆ ದೇಹವು ನೆರವಾಯಿತು. ಇನ್ನೊಬ್ಬರಿಗೆ ರೋಗವು ಅಡ್ಡಬಂದಿತು. ನಿಷ್ಠೆ ಇಬ್ಬರಲ್ಲಿಯೂ ಸಮಾನವಾಗಿತ್ತು. ದುಡಿಮೆ ಇಬ್ಬರಲ್ಲಿಯೂ ಇತ್ತು. ಒಬ್ಬರಿಗೆ ದೊರೆತು ಇನ್ನೊಬ್ಬರಿಗೆ ಸಾಕಷ್ಟು ದೊರೆಯದೆ ಹೋದುದು ಕೂಡಿ ಉಣ್ಣುವ, ಕೂಡಿ ನಡೆಯುವ ಸಂಗವು. ಆದುದರಿಂದ ಮನಃಪ್ರಸಾದವು ಬರಿಯ ಸಂಕಲ್ಪದ ಫಲವಲ್ಲವೆಂದು ತಿಳಿಯಬೇಕು. ನಿಯಮ, ಕಾಯಕ, ಸಂಗ ಎಂಬ ಮೂರು ಕಲ್ಲುಗಳ ಮೇಲೆ ಅದು ಒಲೆಯ ಮೇಲಿನ ಪಾತ್ರೆಯಂತೆ ನಿಲ್ಲುವುದು; ಒಂದು ಕಲ್ಲು ಸರಿದರೂ ಪಾತ್ರೆಯು ವಾಲುವುದು.

ಶರಣಪರಂಪರೆಗೆ ಇದು ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣವು ದೂರದೇಶಗಳಿಂದ ಬಂದವರ ನೆಲೆಯೂ ಆಗಿದ್ದಿತು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು, ಕಟ್ಟಿಗೆಯ ಹೊರೆಯನ್ನು ಮಾರಿ ಬಾಳಿದರೆಂದು ಪರಂಪರೆಯು ಹೇಳುವುದು. ಊರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಪರದೇಶದಲ್ಲಿ ಸಣ್ಣ ಕೆಲಸವನ್ನು ಹಿಡಿಯಬೇಕಾಗಿ ಬಂದವರು ಈ ಶರಣರನ್ನು ನೆನೆಯಬೇಕು. ಕೈಯ ಕೆಲಸವು ಸಣ್ಣದಾದರೆ ಮನುಷ್ಯನು ಸಣ್ಣವನಾಗುವುದಿಲ್ಲ. ಇನ್ನು ಆಫಘಾನ ದೇಶದ ಕಡೆಯಿಂದ ಬಂದ ಮರುಳಶಂಕರದೇವರು ಕಲ್ಯಾಣದ ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಮೌನವಾಗಿ ಸೇವೆ ಮಾಡಿಕೊಂಡಿದ್ದರಂತೆ. ಅಷ್ಟು ಶರಣರ ನಡುವೆ ಇದ್ದರೂ ಅವರು ಯಾರೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಅವರನ್ನು ಗುರುತಿಸಿದವರು ಪ್ರಭುದೇವರು. ಈ ಕಥೆಯಲ್ಲಿ ಬಂದವನ ತಾಳ್ಮೆಗೆ ಎಷ್ಟು ಬೆಲೆಯೋ, ಗುರುತಿಸಿದ ಕಣ್ಣಿಗೂ ಅಷ್ಟೇ ಬೆಲೆಯುಂಟು. ಕಲ್ಯಾಣದಂಥ ಕಲ್ಯಾಣದಲ್ಲಿಯೂ ಒಬ್ಬನು ಕಾಣದೆ ಉಳಿಯಬಹುದಾದರೆ, ಲಂಡನ್ನಿನಲ್ಲಿಯೋ ನ್ಯೂಯಾರ್ಕಿನಲ್ಲಿಯೋ ಉಳಿಯುವುದು ಆಶ್ಚರ್ಯವಲ್ಲ.

ಹೊರಡುವ ತರುಣ ತರುಣಿಯರಿಗೆ ಇದರಿಂದ ದೊರೆಯುವ ಬೋಧೆಯು ಸ್ಪಷ್ಟವಾಗಿದೆ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನ ದೇವರು ಊರಿನಲ್ಲಿ ಹಿಂದುಳಿಯುವುದಿಲ್ಲ; ಅಂಗೈಯಗಲದ ಜಾಗದಲ್ಲಿ ಪೂಜೆಯು ಎಲ್ಲಿಯಾದರೂ ಸಾಗುವುದು. ಬೆಳಗಿನ ಆ ಹತ್ತು ನಿಮಿಷವನ್ನು ಬಿಡಬಾರದು. ಅಪರಿಚಿತವಾದ ದಿನದಲ್ಲಿ ಅದೊಂದೇ ಪರಿಚಿತವಾದ ಗಳಿಗೆಯು. ಆದರೆ ತನ್ನ ಆಚಾರವನ್ನು ಕಾಯುವವನು ಪರರ ಆಚಾರವನ್ನು ಹೀಯಾಳಿಸಬಾರದು; ಅಲ್ಲಿಯ ಭಾಷೆಯನ್ನೂ ಮರ್ಯಾದೆಯನ್ನೂ ಶ್ರದ್ಧೆಯಿಂದ ಕಲಿಯಬೇಕು. ತಿಳಿಯದ್ದನ್ನು ಕೇಳಲು ನಾಚಬಾರದು. ವಾರಕ್ಕೊಮ್ಮೆಯಾದರೂ ಮತ್ತೊಬ್ಬರೊಡನೆ ಕುಳಿತು ಉಣ್ಣಬೇಕು. ಅಮೆರಿಕದ ಕನ್ನಡ ಕೂಟಗಳೂ ಬ್ರಿಟನ್ನಿನ ಕನ್ನಡ ಬಳಗವೂ ಇರುವುದು ಹಬ್ಬದ ಊಟಕ್ಕಾಗಿ ಮಾತ್ರವಲ್ಲ. ನಿದ್ರೆಯು ತಪ್ಪಿ, ಅನ್ನವು ಸೇರದೆ, ಮನಸ್ಸು ಕತ್ತಲಾಗಿ ವಾರಗಳು ಕಳೆದರೆ ಅದನ್ನು ಭಕ್ತಿಯ ಕೊರತೆಯೆಂದು ಬಗೆದು ಮುಚ್ಚಿಡಕೂಡದು. ಜ್ವರ ಬಂದವನು ವೈದ್ಯನ ಬಳಿಗೆ ಹೋಗುವಂತೆ ಮನಸ್ಸಿನ ವೈದ್ಯರ ಬಳಿಗೂ ಹೋಗಬೇಕು. ಅಲ್ಲಿಯ ವಿಶ್ವವಿದ್ಯಾಲಯಗಳು ಅನೇಕವು ಇದಕ್ಕಾಗಿಯೇ ಸಲಹೆಗಾರರನ್ನು ನೇಮಿಸಿರುವುವು.

ಅಲ್ಲಿ ಮೊದಲೇ ನೆಲೆಸಿದವರ ಹೊಣೆಯು ಇದಕ್ಕಿಂತಲೂ ದೊಡ್ಡದು. ಹೊಸದಾಗಿ ಬಂದವನಿಗೆ ಅಂಗಡಿಯ ದಾರಿಯನ್ನೂ ಚಳಿಯ ಉಡುಪನ್ನೂ ತೋರಿಸಿಕೊಡುವುದು ಸಣ್ಣ ಉಪಕಾರವೆಂದು ತೋರಬಹುದು. ಕಂಬಳಿಯನ್ನು ಬಿಡಿಸಿ ತೋರಿಸಿದ್ದೂ ಸಣ್ಣ ಉಪಕಾರವೇ. ಜಂಗಮವೆಂದರೆ ಚಲಿಸುವುದು, ಸಂಕೋಚದಿಂದ ಬಾರದವನ ಬಾಗಿಲಿಗೆ ತಾನೇ ನಡೆದು ಹೋಗುವುದು ನಿಜವಾದ ದಾಸೋಹವು.

ಇಲ್ಲಿ ಉಳಿದ ತಂದೆತಾಯಿಗಳಿಗೂ ಒಂದು ಕರ್ತವ್ಯವಿದೆ. “ಎಷ್ಟು ಸಂಬಳ, ಯಾವ ಕಾರು, ಮನೆ ಕೊಂಡೆಯಾ” ಎಂದು ಕೇಳುವುದಕ್ಕಿಂತ ಮೊದಲು “ಯಾರ ಸಂಗಡ ಉಂಡೆ” ಎಂದು ಕೇಳಬೇಕು. “ಚೆನ್ನಾಗಿಲ್ಲ ಅಪ್ಪಾ” ಎಂದು ಹೇಳುವ ಧೈರ್ಯವು ಮಕ್ಕಳಿಗೆ ಬರುವಂತೆ ಮಾತಾಡಬೇಕು. ಅಗತ್ಯ ಬಿದ್ದರೆ ಮರಳಿ ಬಾ, ಮನೆಯ ಬಾಗಿಲು ತೆರೆದಿದೆ ಎಂದು ಹೇಳಿ ಕಳುಹಿಸಿದ ಮಗುವೇ ಹೆಚ್ಚು ದೃಢವಾಗಿ ಅಲ್ಲಿ ನಿಲ್ಲುವುದು. ಹಿಂದೆ ಜಾತಿಯವರು ಬಾಗಿಲನ್ನು ಮುಚ್ಚಿ ಕಳುಹಿಸಿದರು. ಇಂದು ಆಸೆಯ ಭಾರದಿಂದ ಅದನ್ನು ಮುಚ್ಚಬಾರದು.

2015ರ ನವೆಂಬರ 14ರಂದು ಲಂಡನ್ನಿನಲ್ಲಿ, ಥೇಮ್ಸ್ ನದಿಯ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಬಸವಣ್ಣನವರ ಪ್ರತಿಮೆಯು ಪ್ರಧಾನಮಂತ್ರಿ ನರೇಂದ್ರ ಮೋದಿಯವರಿಂದ ಅನಾವರಣಗೊಂಡಿತು. ನದಿಯ ಆಚೆಯ ದಡದಲ್ಲಿ ಆ ದೇಶದ ಪಾರ್ಲಿಮೆಂಟ್ ಭವನವು ಕಾಣುವುದು. ಊರಿನ ನೆನಪಾದ ಕನ್ನಡದ ವಿದ್ಯಾರ್ಥಿಯು ಅಲ್ಲಿಗೆ ಹೋಗಿ ನಿಂತರೆ ಅವನಿಗೆ ಸಮಾಧಾನವಾಗಬಹುದು. ಆದರೆ ಶಿಲ್ಪವು ಅವನೊಡನೆ ಮಾತಾಡಲಾರದು. ಅವನನ್ನು ನಮ್ಮವನೆಂದು ಕರೆದು, ಮನೆಗೆ ಕರೆದೊಯ್ದು, ಬಿಸಿ ಅನ್ನವನ್ನು ಬಡಿಸುವ ಕೈಯೊಂದು ಬೇಕು. ಆ ಕೈಯು ದೊರೆತಲ್ಲಿ ಪರದೇಶವೆಂಬುದಿಲ್ಲ. ಅಂಥ ಕೈಗಳು ಶರಣರ ಮಕ್ಕಳದಾಗಲಿ. ಹೋದವರೆಲ್ಲರೂ ಪ್ರಸನ್ನಮನಸ್ಕರಾಗಿ ಬಾಳಲಿ.